ಕುದುರೆಗೂದಲಿನ ಗೆರೆ, ಕುಂಬಾರನ ಹೊಗೆ

ನಮ್ಮ ಊರಿನ ಹೆಸರೇ ಒಂದು ಪಾತ್ರೆಯ ಹೆಸರು. ಭದ್ರಾ ನದಿಯ ಬಳಸಿನಲ್ಲಿ, ಕಾಫಿ ತೋಟಗಳ ನಡುವೆ ನೆಲೆಸಿರುವ ಕಳಸೇಶ್ವರನು ಅಗಸ್ತ್ಯ ಮಹರ್ಷಿಗಳ ಕಲಶದಿಂದ ಉದ್ಭವಿಸಿದವನೆಂದು ಸ್ಥಳಪುರಾಣ ಹೇಳುತ್ತದೆ. ಶಿವಪಾರ್ವತಿಯರ ವಿವಾಹಕ್ಕೆಂದು ದೇವತೆಗಳೆಲ್ಲ ಉತ್ತರದಲ್ಲಿ ನೆರೆದಾಗ ಭೂಮಿ ಆ ಕಡೆಗೆ ವಾಲಿತಂತೆ. ಸಮತೋಲಕ್ಕಾಗಿ ಅಗಸ್ತ್ಯರು ದಕ್ಷಿಣಕ್ಕೆ ಬಂದರಂತೆ. ಅಷ್ಟು ದೂರ ಬಂದವರಿಗೆ ಮದುವೆ ನೋಡುವ ಭಾಗ್ಯ ತಪ್ಪಬಾರದೆಂದು ಇಲ್ಲಿಯೇ ಆ ದರ್ಶನ ದೊರೆಯಿತಂತೆ. ಗಿರಿಜಾ ಕಲ್ಯಾಣದ ಉತ್ಸವಕ್ಕೆ ಬರುವ ಭಕ್ತರಿಗೆ ಈ ಕಥೆ ಹೊಸದಲ್ಲ. ಅಗಸ್ತ್ಯರಾದರೂ ಯಾರು? ಕುಂಭಸಂಭವರು, ಮಡಕೆಯಲ್ಲಿ ಹುಟ್ಟಿದವರು. ಮಡಕೆಯಲ್ಲಿ ಹುಟ್ಟಿದ ಋಷಿ, ಮಡಕೆಯಿಂದ ಎದ್ದ ದೇವರು, ಮಡಕೆಯ ಹೆಸರಿನ ಊರು. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು, "ಸಾರ್, ಆ ಮಡಕೆ ಮಾಡಿದವರು ಯಾರು?" ಎಂದು ಕೇಳುತ್ತಿದ್ದರು. ತುಂಟತನಕ್ಕೆ ಕೇಳಿದ ಪ್ರಶ್ನೆಯಾದರೂ ಇತಿಹಾಸದ ಪಾಠದಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು.

ಪುರಾಣವನ್ನು ಬಿಟ್ಟು ಚರಿತ್ರೆಗೆ ಬಂದರೆ, ಹುಂಚದ ಸಾಂತರರ ಒಂದು ಶಾಖೆ ಕಳಸವನ್ನು ರಾಜಧಾನಿಯಾಗಿ ಮಾಡಿಕೊಂಡಿತ್ತು. 13ನೇ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರು ಇಲ್ಲಿಂದ ಆಳಿದರು. ಮುಂದೆ ಇದೇ ಮನೆತನ ಘಟ್ಟವಿಳಿದು ಕಾರ್ಕಳದಲ್ಲಿ ನೆಲೆಯೂರಿತು. 1432ರಲ್ಲಿ ಅಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯ ಈ ಪರಂಪರೆಯವನೇ. ರಾಣಿಯರ ದಾನಗಳನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಅವರ ಅಡುಗೆಮನೆಯಲ್ಲಿ ಅನ್ನ ಬೆಂದ ಮಡಕೆಯ ಬಗ್ಗೆ ಯಾರೂ ಏನೂ ಕೊರೆದಿಲ್ಲ. ಅದು ಒಡೆದು ಮಣ್ಣಾಯಿತು. ಆದರೆ ಅಗೆಯುವವರ ಪಾಲಿಗೆ ಮಣ್ಣಿನಲ್ಲಿ ಅತ್ಯಂತ ದೀರ್ಘಕಾಲ ಉಳಿಯುವುದೂ ಆ ಒಡೆದ ಚೂರೇ ಎಂಬುದು ಬೇರೆ ಮಾತು.

ನನ್ನ ಬಾಲ್ಯದಲ್ಲಿ, ಅಂದರೆ ಅರವತ್ತರ ದಶಕದ ಕೊನೆಯ ವರ್ಷಗಳಲ್ಲಿ, ಮಳೆಗಾಲ ಕಳೆದು ಹಾದಿ ಒಣಗಿದ ಮೇಲೆ ಘಟ್ಟದ ಕೆಳಗಿನಿಂದ ಮಡಕೆ ಹೊತ್ತವರು ಬರುತ್ತಿದ್ದರು. ನಮ್ಮ ಕಡೆಯ ಮಳೆಯನ್ನು ಬಲ್ಲವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಜೂನ್‌ನಿಂದ ನಾಲ್ಕು ತಿಂಗಳು ಹಸಿ ಮಡಕೆ ಒಣಗುವುದಿಲ್ಲ, ಸೌದೆ ಉರಿಯುವುದಿಲ್ಲ, ಆವಿಗೆಗೆ ಬೆಂಕಿ ಹಾಕುವಂತಿಲ್ಲ. ಅವರ ಹೊರೆಯಲ್ಲಿ ಎರಡು ಬಣ್ಣದ ಪಾತ್ರೆಗಳಿರುತ್ತಿದ್ದವು. ನೀರಿಗೆ ಕೆಂಪು ಕೊಡ, ಒಲೆಗೆ ಕರಿ ಮಡಕೆ. ಅಜ್ಜಿ ಕರಿಯದನ್ನು ಕೈಯಲ್ಲಿ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟಿ, ನಾದ ಕೇಳಿ, ಅನಂತರವೇ ಬೆಲೆ ಮಾತಾಡುತ್ತಿದ್ದಳು. ಹಣಕ್ಕಿಂತ ಹೆಚ್ಚಾಗಿ ಭತ್ತವೇ ಬೆಲೆ. ತಂದ ಮಡಕೆಯನ್ನು ಆ ದಿನವೇ ಒಲೆಗೆ ಏರಿಸುವಂತಿರಲಿಲ್ಲ. ನೀರಿನಲ್ಲಿ ನೆನೆಸಿ, ಗಂಜಿ ಕುದಿಸಿ, ಎಣ್ಣೆ ಸವರಿ ಪಳಗಿಸಬೇಕಿತ್ತು. ಗಂಜಿಯ ಪಿಷ್ಟ ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆಂಬುದನ್ನು ನಾನು ಬಿ.ಎಡ್. ಮಾಡಿ ಹಲವು ವರ್ಷಗಳಾದ ಮೇಲೆ ಒಂದು ಪುಸ್ತಕದಲ್ಲಿ ಓದಿದೆ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಆ ಹೊರೆ ಹೊತ್ತು ಬರುತ್ತಿದ್ದವರಲ್ಲಿ ಒಬ್ಬರ ಮೊಮ್ಮಗ ಮುಂದೆ ನನ್ನ ವಿದ್ಯಾರ್ಥಿಯಾದ. ಹೆಸರು ಬೇಡ, ಅವನಿಗೆ ಅದು ಇಷ್ಟವಾಗಲಾರದು. ಜಾಣ ಹುಡುಗ. ಇಂಜಿನಿಯರಿಂಗ್ ಓದಿ ಈಗ ಅಮೆರಿಕದ ಅರಿಜೋನಾ ರಾಜ್ಯದಲ್ಲಿದ್ದಾನೆ. ಹೋದ ಸಲ ರಜೆಗೆ ಬಂದಾಗ ನನಗೊಂದು ಹೂಜಿ ತಂದುಕೊಟ್ಟ. ಅಂಗೈಯಗಲದ್ದು, ಕೆನೆಬಣ್ಣದ್ದು. ಅದರ ಮೈಮೇಲೆ ಕಪ್ಪು ಗೆರೆಗಳು ಮಿಂಚಿನಂತೆ, ಬೇರಿನಂತೆ ಅಡ್ಡಾದಿಡ್ಡಿ ಹರಿದಿದ್ದವು. ಕುತ್ತಿಗೆಯ ಹತ್ತಿರ ಒಂದು ಹಕ್ಕಿಗರಿಯ ನೆರಳು, ದಿಂಡೂ ಎಳೆಗಳೂ ಎಣಿಸುವಂತೆ ಸ್ಪಷ್ಟವಾಗಿ ಮೂಡಿತ್ತು. ಬಣ್ಣವಲ್ಲ, ಕುಂಚದ ಕೆಲಸವೂ ಅಲ್ಲ. ಕುದುರೆಯ ಬಾಲದ ಕೂದಲನ್ನು ಸುಟ್ಟು ಎಳೆದ ಗೆರೆಗಳೆಂದು ಅವನು ಹೇಳಿದ. ಬೆಲೆ ಕೇಳಿ ನನ್ನ ಹೆಂಡತಿ ಅದನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಹೊರಡುವ ಮುನ್ನ ಹುಡುಗ ಕೇಳಿದ: "ಸಾರ್, ನಮ್ಮ ಅಜ್ಜ ಮಡಕೆಯನ್ನು ಕಪ್ಪು ಮಾಡುತ್ತಿದ್ದುದೂ ಇದೂ ಒಂದೆಯೇ?"

ಪ್ರಶ್ನೆ ಚಿಕ್ಕದು. ಉತ್ತರಕ್ಕಾಗಿ ನಾನು ಕೆಲವು ತಿಂಗಳು ಓದಬೇಕಾಯಿತು. ಓದಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಆ ಹೂಜಿಯ ವಿಧಾನ. ನಯವಾದ ಜೇಡಿಮಣ್ಣಿನಿಂದ ಪಾತ್ರೆ ಮಾಡಿ, ಅರೆಬರೆ ಒಣಗಿದಾಗ ಹೊಳೆಗಲ್ಲಿನಿಂದ ಉಜ್ಜಿ ಮೈಗೆ ಹೊಳಪು ತರುತ್ತಾರೆ. ಗಾಜಿನ ಲೇಪ ಹಾಕುವುದಿಲ್ಲ. ಒಮ್ಮೆ ಸುಟ್ಟು ತಣಿಸಿದ ಪಾತ್ರೆಯನ್ನು ಮತ್ತೆ ಸುಮಾರು 700 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಹೊರಗೆ ತೆಗೆಯುತ್ತಾರೆ. ಗಾಳಿಗೆ ಬಂದ ಕ್ಷಣದಿಂದ ಅದು ಆರತೊಡಗುತ್ತದೆ. ಕುಶಲಿಗೆ ದೊರೆಯುವುದು ಒಂದೆರಡು ನಿಮಿಷ ಮಾತ್ರ. ಆಗ ಒಂದೊಂದೇ ಕೂದಲನ್ನು ಮೈಮೇಲೆ ಬಿಡಬೇಕು. ಕೂದಲು ಚುರ್ ಎಂದು ಮುರುಟಿ, ಜೀವವಿದ್ದಂತೆ ಹೊರಳಿ, ಸುಟ್ಟುಹೋಗುತ್ತದೆ. ಅದರ ಇಂಗಾಲ ಮಣ್ಣಿನ ರಂಧ್ರಗಳೊಳಗೆ ಇಳಿದು ಕಪ್ಪು ಗೆರೆಯಾಗಿ ನಿಲ್ಲುತ್ತದೆ. ಸುತ್ತಲೂ ಹೊಗೆಯ ಬೂದುಬಣ್ಣದ ನೆರಳು ಹರಡುತ್ತದೆ. ಪಾತ್ರೆ ಅತಿಯಾಗಿ ಕಾದಿದ್ದರೆ ಇಂಗಾಲವೂ ಉರಿದುಹೋಗಿ ಗೆರೆ ಉಳಿಯದು. ತೀರ ಆರಿದ್ದರೆ ಕೂದಲು ಅಂಟಂಟಾಗಿ ಕರಗಿ ಕಲೆಯಾದೀತೇ ಹೊರತು ಒಳಗಿಳಿಯದು. ಗರಿಗೂ ಇದೇ ನಿಯಮ, ಆದರೆ ಅದನ್ನು ಇಟ್ಟ ಜಾಗದಿಂದ ಅಲುಗಿಸುವಂತಿಲ್ಲ. ಕೆಲವರು ಸಕ್ಕರೆ ಎರಚಿ ಚುಕ್ಕೆಗಳನ್ನೂ ಮೂಡಿಸುತ್ತಾರೆ. ಸುಟ್ಟ ಕೂದಲಿನ ವಾಸನೆ ಹೇಗಿರುತ್ತದೆಂದು ಒಲೆಯ ಮುಂದೆ ಬಗ್ಗಿ ಊದಿದವರಿಗೆಲ್ಲ ಗೊತ್ತು. ಕೂದಲಿನಲ್ಲಿರುವ ಗಂಧಕದ ಪ್ರಸಾದ ಅದು.

ತಣಿದ ಮೇಲೆ ಬೂದಿ ಒರಸಿ, ಮೇಣ ತಿಕ್ಕಿ ಹೊಳಪು ಕೊಟ್ಟರೆ ಕೆಲಸ ಮುಗಿಯಿತು. ಆದರೆ ಆ ಪಾತ್ರೆಯಲ್ಲಿ ನೀರು ನಿಲ್ಲದು, ಜಿನುಗುತ್ತದೆ. ಅಡುಗೆಯಂತೂ ದೂರದ ಮಾತು, ಮತ್ತೆ ಕೆಂಡದ ಮೇಲಿಟ್ಟರೆ ಗೆರೆಗಳೇ ಮಾಯವಾಗಬಹುದು. ಅದು ನೋಡುವುದಕ್ಕೆ ಮಾತ್ರ ಇರುವ ಪಾತ್ರೆ. ನನ್ನ ಅಜ್ಜಿ ಕಂಡಿದ್ದರೆ, "ನೀರು ನಿಲ್ಲದ ಕೊಡಕ್ಕೆ ಇಷ್ಟು ಸಿಂಗಾರವೇ?" ಎನ್ನುತ್ತಿದ್ದಳು.

ಅಮೆರಿಕದ ಮೂಲನಿವಾಸಿಗಳ ಸಾವಿರಾರು ವರ್ಷಗಳ ಕಲೆ ಎಂದು ಇದನ್ನು ಮಾರುವ ಅಂಗಡಿಗಳುಂಟಂತೆ. ಕುಂಬಾರಿಕೆ ಅವರಲ್ಲಿ ಬಹಳ ಪ್ರಾಚೀನವೆಂಬುದು ನಿಜ. ಆದರೆ ಕುದುರೆ? ಆ ಖಂಡದಲ್ಲಿ ಕುದುರೆಗಳು ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆಯೇ ನಶಿಸಿದ್ದವು. 16ನೇ ಶತಮಾನದಲ್ಲಿ ಸ್ಪೇನಿನವರು ಹಡಗಿನಲ್ಲಿ ತಂದ ಕುದುರೆಗಳೇ ಅಲ್ಲಿ ಮರಳಿ ಕಾಲಿಟ್ಟವು. 1680ರಲ್ಲಿ ಪ್ಯೂಬ್ಲೋ ಜನರು ಸ್ಪೇನಿನವರ ವಿರುದ್ಧ ದಂಗೆಯೆದ್ದ ತರುವಾಯ ಅವು ಉಳಿದ ಬುಡಕಟ್ಟುಗಳಿಗೂ ವೇಗವಾಗಿ ಹರಡಿದವು. ಆದ್ದರಿಂದ ಕೂದಲಿನ ಗೆರೆಗೆ ಅಲ್ಲಿ ಸಾವಿರ ವರ್ಷದ ವಯಸ್ಸು ಇರಲು ಸಾಧ್ಯವೇ ಇಲ್ಲ. ಕಾಲಗಣನೆಯನ್ನು ಪರೀಕ್ಷೆಯ ಅಂಕಕ್ಕಾಗಿ ಮಾತ್ರ ಕಲಿತವರು ಇಂಥ ಕಡೆ ಸುಲಭವಾಗಿ ಮೋಸಹೋಗುತ್ತಾರೆ. ಬಿಸಿ ಪಾತ್ರೆಯನ್ನು ಆವಿಗೆಯಿಂದ ಹೊರತೆಗೆಯುವ ಪದ್ಧತಿ ಜಪಾನಿನ ರಾಕು ಪಾತ್ರೆಗಳಲ್ಲಿ 16ನೇ ಶತಮಾನದಿಂದಲೂ ಇದೆ. ಹೊರತೆಗೆದ ಪಾತ್ರೆಯನ್ನು ಎಲೆ, ಹೊಟ್ಟುಗಳ ಹೊಗೆಗೆ ಒಡ್ಡುವ ಪ್ರಯೋಗವನ್ನು ಅಮೆರಿಕದಲ್ಲಿ ಪಾಲ್ ಸೋಲ್ಡ್ನರ್ ಎಂಬ ಕಲಾವಿದ 1960ರ ಸುಮಾರಿಗೆ ಪ್ರಚಾರಕ್ಕೆ ತಂದ. ಕೂದಲಿನ ಹೂಜಿ ಇಂದು ಅಂಗಡಿಗಳಲ್ಲಿ ಕಾಣುವ ರೂಪಕ್ಕೆ ಬಂದದ್ದು ಇತ್ತೀಚೆಗೆ.

ಈಗ ನಮ್ಮ ನೆಲಕ್ಕೆ ಬರೋಣ. ನಮ್ಮ ಕುಂಬಾರರು ಹೊಗೆಯನ್ನು ಪಳಗಿಸಿದ್ದು ಗೆರೆ ಎಳೆಯುವುದಕ್ಕಲ್ಲ, ಮೈಯನ್ನೆಲ್ಲ ಕಪ್ಪಾಗಿಸುವುದಕ್ಕೆ. ಅದು ಎಷ್ಟು ಹಳೆಯದೆಂದು ತಿಳಿಯಬೇಕಾದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಬೇಕು. ಅಶೋಕನ ಶಾಸನದಿಂದ ಪ್ರಸಿದ್ಧವಾದ ಆ ಬೆಟ್ಟದ ಬುಡದಲ್ಲಿ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು 1940ರ ದಶಕದ ಆರಂಭದಲ್ಲಿಯೂ, ಮಾರ್ಟಿಮರ್ ವೀಲರ್ 1947ರಲ್ಲಿಯೂ ಉತ್ಖನನ ನಡೆಸಿದರು. ಬೃಹತ್ ಶಿಲಾಗೋರಿಗಳಲ್ಲಿ ಕಬ್ಬಿಣದ ಆಯುಧಗಳೊಡನೆ ಸಾಲು ಸಾಲಾಗಿ ಮಡಕೆಗಳು ದೊರೆತವು. ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು. ಪುರಾತತ್ತ್ವಜ್ಞರು ಇವನ್ನು ಕಪ್ಪು-ಕೆಂಪು ಮಡಕೆ ಎಂದೇ ಕರೆಯುತ್ತಾರೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿಯೂ ಇವೇ ದೊರೆತವು.

ಒಂದೇ ಮಡಕೆಗೆ ಎರಡು ಬಣ್ಣ ಹೇಗೆ ಬಂತು? ನಮ್ಮ ಜೇಡಿಯಲ್ಲಿ ಕಬ್ಬಿಣದ ಅಂಶ ಧಾರಾಳ. ಸುಡುವಾಗ ಗಾಳಿ ಚೆನ್ನಾಗಿ ಆಡಿದರೆ ಅದು ಆಮ್ಲಜನಕದೊಡನೆ ಕೂಡಿ ಕೆಂಪಾಗುತ್ತದೆ. ಗಾಳಿಯನ್ನು ತಡೆದು ಹೊಗೆ ಕಟ್ಟಿದರೆ ಆಮ್ಲಜನಕ ಸಾಲದೆ ಕಪ್ಪಾಗುತ್ತದೆ, ಹೊಗೆಯ ಇಂಗಾಲವೂ ರಂಧ್ರಗಳಲ್ಲಿ ಕೂಡುತ್ತದೆ. ಮಡಕೆಗಳನ್ನು ಹುಲ್ಲು, ಬೂದಿಯ ಹಾಸಿನ ಮೇಲೆ ಬೋರಲು ಇಟ್ಟು ಸುಟ್ಟರೆ ಬಾಯಿ ಹೂತಿರುತ್ತದೆ. ಒಳಗೆ ಗಾಳಿ ಇಲ್ಲ, ಕಪ್ಪು. ಹೊರಗೆ ಗಾಳಿ ಇದೆ, ಕೆಂಪು. ಎರಡು ಬಾರಿ ಸುಟ್ಟು ಈ ಪರಿಣಾಮ ಪಡೆದಿರಬೇಕೆಂಬ ವಿದ್ವಾಂಸರೂ ಇದ್ದಾರೆ. ಯಾವುದೇ ಇರಲಿ, ಮೂರು ಸಾವಿರ ವರ್ಷಗಳ ಹಿಂದೆ ಈ ನಾಡಿನ ಕುಂಬಾರನಿಗೆ ಗಾಳಿಯನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂಬುದು ಗೊತ್ತಿತ್ತು. ಆಮ್ಲಜನಕ ಎಂಬ ಹೆಸರು ಹುಟ್ಟಿದ್ದು 18ನೇ ಶತಮಾನದಲ್ಲಿ. ನಮ್ಮ ಮನೆಯ ಹೆಂಗಸರು ಹರಳೆಣ್ಣೆಯ ದೀಪದ ಮೇಲೆ ಪಾತ್ರೆ ಬೋರಲಿಟ್ಟು ಕಾಡಿಗೆ ಹಿಡಿಯುತ್ತಿದ್ದುದೂ ಇದೇ ತತ್ತ್ವ.

ಇನ್ನು ಕುದುರೆ. ಈಗಿನ ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ದಡದಲ್ಲಿ ಹಳ್ಳೂರು ಎಂಬ ಗ್ರಾಮವಿದೆ. ನಮ್ಮ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ ಮುಂದೆ ಹರಿದುಹೋಗುವ ಹಾದಿಯಲ್ಲೇ ಅದು ಇರುವುದು. 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಅಲ್ಲಿ ಉತ್ಖನನ ನಡೆಸಿದಾಗ ಕ್ರಿ.ಪೂ. 1000ದ ಸುಮಾರಿನ ಕಬ್ಬಿಣ, ಬಿಳಿ ರೇಖೆಗಳಿಂದ ಅಲಂಕರಿಸಿದ ಕಪ್ಪು-ಕೆಂಪು ಮಡಕೆಗಳು, ಪ್ರಾಣಿಗಳ ಮೂಳೆಗಳು ದೊರೆತವು. ಮೂಳೆಗಳನ್ನು ಪರೀಕ್ಷಿಸಿದವರು ಪಶುವೈದ್ಯರಾಗಿದ್ದ ಡಾ. ಕೆ. ಆರ್. ಆಲೂರ. 1971ರಲ್ಲಿ ಪ್ರಕಟವಾದ ವರದಿಯಲ್ಲಿ ಕೆಲವು ಮೂಳೆಗಳು ಕುದುರೆಯವೆಂದು ಅವರು ಗುರುತಿಸಿದರು. ದಕ್ಷಿಣಕ್ಕೆ ಅಷ್ಟು ಹಿಂದೆ ಕುದುರೆ ಬಂದಿತ್ತೇ ಎಂದು ವಿದ್ವಾಂಸರಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಟೀಕೆಗಳು ಬಂದರೂ ಆಲೂರರು ತಮ್ಮ ನಿರ್ಣಯವನ್ನು ಬದಲಿಸಲಿಲ್ಲ. ರಾಜಕೀಯದವರು ಈ ಮೂಳೆಗಳನ್ನು ಎರಡೂ ಕಡೆಯಿಂದ ಎಳೆದಾಡಿದ್ದನ್ನು ಇಲ್ಲಿ ಬಿಡೋಣ. ನನಗೆ ಆಸಕ್ತಿಯಿರುವುದು ಅದರ ಪಕ್ಕದ ಮಡಕೆ ಚೂರಿನಲ್ಲಿ: ಹೊಗೆಯಿಂದ ಕಪ್ಪಾದ ಮಣ್ಣು, ಅದರ ಮೇಲೆ ಸಣ್ಣ ಗೆರೆ. ಹುಡುಗ ತಂದ ಹೂಜಿಯಲ್ಲಿ ಬಿಳಿಯ ಮೇಲೆ ಕರಿ ಗೆರೆ, ಹಳ್ಳೂರಿನಲ್ಲಿ ಕರಿಯ ಮೇಲೆ ಬಿಳಿ ಗೆರೆ.

2022ರಲ್ಲಿ ಮೂಡುಬಿದಿರೆಯ ಬಳಿಯ ಮೂಡುಕೊಣಾಜೆಯ ಬೃಹತ್ ಶಿಲಾಗೋರಿಗಳ ನೆಲೆಯಲ್ಲಿ ಸುಟ್ಟಮಣ್ಣಿನ ಬೊಂಬೆಗಳು ಸಿಕ್ಕ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ ನೆನಪು ನಿಮಗಿರಬಹುದು. ಪ್ರೊ. ಟಿ. ಮುರುಗೇಶಿ ಅವರು ಬೆಳಕಿಗೆ ತಂದ ಆ ಬೊಂಬೆಗಳಲ್ಲಿ ಕುದುರೆಯೂ ಇತ್ತು, ನವಿಲೂ ಇತ್ತು. ನಮ್ಮ ಘಟ್ಟದ ಬುಡದಲ್ಲಿಯೇ ಕುದುರೆ ಮತ್ತು ಗರಿಯ ಹಕ್ಕಿ ಮಣ್ಣಿನಲ್ಲಿ ಹೀಗೆ ಜೊತೆಯಾಗಿದ್ದವು.

ಮಲೆನಾಡು ಕುದುರೆಯ ನಾಡಲ್ಲ. ಈ ಮಳೆ, ಈ ಕೆಸರು, ಈ ಜಿಗಣೆ ಅದಕ್ಕೆ ಆಗಿಬರುವುದಿಲ್ಲ. ಘಟ್ಟದ ಹಾದಿಯಲ್ಲಿ ಹೇರು ಹೊತ್ತದ್ದು ಎತ್ತುಗಳು. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬಸ್ಥಾನದಿಂದ ಭಟ್ಕಳದಂಥ ಬಂದರುಗಳಿಗೆ ಬಂದು ಘಟ್ಟ ಹತ್ತಿ ಬಯಲುಸೀಮೆಗೆ ಹೋಗುತ್ತಿದ್ದವು. ಬಾಲ್ಯದಲ್ಲಿ ಕುದುರೆಗೂದಲಿನ ಉಪಯೋಗ ನನಗೆ ಗೊತ್ತಿದ್ದುದು ಒಂದೇ: ನರೂಲಿಗೆ ಬಿಗಿಯಾಗಿ ಕಟ್ಟಿದರೆ ಅದು ಉದುರುತ್ತದೆಂಬ ನಂಬಿಕೆ. ಆ ಒಂದು ಕೂದಲಿಗಾಗಿ ನಾವು ಜಾತ್ರೆಗೆ ಬಂದ ಕುದುರೆಯ ಹಿಂದೆ ಅಳುಕುತ್ತಾ ಸುತ್ತಿದ್ದುಂಟು.

ಹಾಗಾದರೆ ನಮ್ಮಲ್ಲಿ ಬರಿಯ ಅಲಂಕಾರಕ್ಕಾಗಿ ಮಡಕೆ ಇರಲಿಲ್ಲವೇ? ಇತ್ತು. ಮದುವೆಯ ಐರಣೆ ಮಡಕೆಗಳನ್ನು ನೆನೆಯಿರಿ. ಕುಂಬಾರನ ಮನೆಗೆ ವಾದ್ಯಸಮೇತ ಹೋಗಿ, ಅವನಿಗೆ ಮರ್ಯಾದೆ ಮಾಡಿ, ಸುಣ್ಣ ಕೆಮ್ಮಣ್ಣುಗಳ ಚಿತ್ತಾರ ಬರೆದ ಮಡಕೆಗಳನ್ನು ತಂದು ಹಸೆಯ ಬಳಿ ಇಡುವ ಸಂಪ್ರದಾಯ ಕನ್ನಡ ನಾಡಿನ ಅನೇಕ ಸಮುದಾಯಗಳಲ್ಲಿದೆ. ಅವು ಅಡುಗೆಗಲ್ಲ, ನೀರಿಗಲ್ಲ. ಕೊಡಗಿನ ದೇವರಕಾಡುಗಳಲ್ಲಿ ಬೇಟೆಯ ದೇವರಾದ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುತ್ತಾರೆ. ತಮಿಳುನಾಡಿನ ಅಯ್ಯನಾರ್ ಗುಡಿಗಳ ಮುಂದೆ ಆಳೆತ್ತರವನ್ನೂ ಮೀರಿದ ಮಣ್ಣಿನ ಕುದುರೆಗಳು ನಿಂತಿರುತ್ತವೆ. ನಮ್ಮಲ್ಲಿ ಚೆಲುವಿನ ಮಣ್ಣು ದೇವರ ಕಡೆಗೋ ಮದುವೆಯ ಕಡೆಗೋ ಹೋಯಿತೇ ಹೊರತು ಗಾಜಿನ ಕಪಾಟಿಗೆ ಹೋಗಲಿಲ್ಲ. ಶರಣರಲ್ಲಿ ಕುಂಬಾರ ಗುಂಡಯ್ಯನಿದ್ದಾನೆ. ಅವನು ಮಡಕೆ ತಟ್ಟುವ ನಾದಕ್ಕೆ ಸಾಕ್ಷಾತ್ ಶಿವನೇ ಕುಣಿದನೆಂಬ ಕಥೆಯನ್ನು ಹರಿಹರ ರಗಳೆಯಾಗಿ ಬರೆದಿದ್ದಾನೆ. ದೇವರನ್ನು ಕುಣಿಸಿದ ಈ ಕಸುಬಿಗೆ ಊಟಕ್ಕೆ ಸಾಕಾಗುವಷ್ಟು ಭತ್ತ ಸಿಗದಂತಾದದ್ದು ಮಾತ್ರ ನಮ್ಮ ಕಣ್ಣೆದುರಿನ ಚರಿತ್ರೆ.

ಅದಕ್ಕೆ ಕಾರಣಗಳು ಒಂದೊಂದಾಗಿ ಬಂದವು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬುವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕುಂಬಾರನ ಕೈಹೆಂಚಿಗೆ ಬದಲಾಗಿ ಮಂಗಳೂರು ಹೆಂಚು ಘಟ್ಟ ಹತ್ತಿತು. ಇಂದಿಗೂ ನಮ್ಮ ತೋಟದ ಮನೆಗಳ ಹೊದಿಕೆ ಅದೇ. 19ನೇ ಶತಮಾನದ ಕೊನೆಗೆ ಮದರಾಸಿನಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆ ಆರಂಭಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿ ಬಂದವರೂ ಇವರೇ. ಒಡೆಯದ, ಹಗುರಾದ, ಪಳಗಿಸಬೇಕಿಲ್ಲದ ಪಾತ್ರೆ ಕೂಲಿ ಲೈನುಗಳಿಗೂ ಬಂತು. ಆಮೇಲೆ ಸ್ಟೀಲು, ಪ್ಲಾಸ್ಟಿಕ್ಕು, ಗ್ಯಾಸಿನ ಒಲೆ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆಯಲ್ಲಿ ದೊಣ್ಣೆ ಹಿಡಿದವನು ದುಷ್ಟ. ಇಲ್ಲಿ ಹಾಗಿರಲಿಲ್ಲ. ಅಲ್ಯೂಮಿನಿಯಂ ಕೊಂಡ ನಮ್ಮ ತಾಯಂದಿರು ಯಾರ ಹೊಟ್ಟೆಯ ಮೇಲೂ ಹೊಡೆಯಬೇಕೆಂದು ಕೊಂಡವರಲ್ಲ. ಅವರ ಕೈಗೂ ಕೊಂಚ ಬಿಡುವು ಬೇಕಿತ್ತು.

ಕಾಲವನ್ನು ದೂರಿ ಕೂರುವವರಿಗೆ ನಾನು ಹೇಳಬಯಸುವ ಸಂಗತಿ ಅಮೆರಿಕದ್ದೇ. ನ್ಯೂ ಮೆಕ್ಸಿಕೋದ ಸ್ಯಾನ್ ಇಲ್ಡೆಫಾನ್ಸೋ ಎಂಬ ಹಳ್ಳಿಯಲ್ಲಿ ಮರಿಯಾ ಮಾರ್ಟಿನೆಜ್ ಎಂಬ ಮೂಲನಿವಾಸಿ ಮಹಿಳೆ ಇದ್ದಳು. 20ನೇ ಶತಮಾನದ ಆರಂಭದಲ್ಲಿ ಅವಳ ಊರಿನ ಸಮೀಪ ಉತ್ಖನನ ನಡೆಸುತ್ತಿದ್ದ ಪುರಾತತ್ತ್ವಜ್ಞರು ಹಳೆಯ ಮಡಕೆಯ ಚೂರುಗಳನ್ನು ಅವಳ ಕೈಗಿತ್ತು, ಅಂಥದನ್ನು ಮಾಡಿಕೊಡಬಲ್ಲೆಯಾ ಎಂದು ಕೇಳಿದರು. ಅವಳೂ ಅವಳ ಗಂಡ ಜೂಲಿಯನ್ನನೂ ಪ್ರಯತ್ನಿಸುತ್ತ ಪ್ರಯತ್ನಿಸುತ್ತ 1919ರ ಸುಮಾರಿಗೆ ಕಪ್ಪಿನ ಮೇಲೆ ಕಪ್ಪು ಚಿತ್ತಾರದ ಮಡಕೆಗಳನ್ನು ಸಿದ್ಧಪಡಿಸಿದರು. ಅವರು ಬೆಂಕಿಯನ್ನು ಹೇಗೆ ಉಸಿರುಗಟ್ಟಿಸುತ್ತಿದ್ದರು ಗೊತ್ತೇ? ಪುಡಿಮಾಡಿದ ಕುದುರೆಯ ಲದ್ದಿಯನ್ನು ಉರಿಯ ಮೇಲೆ ಸುರಿದು. ಅವಳ ಮಡಕೆಗಳು ಜಗತ್ತಿನ ವಸ್ತುಸಂಗ್ರಹಾಲಯಗಳನ್ನು ಸೇರಿದವು. ಆ ಹಳ್ಳಿಯ ಎಷ್ಟೋ ಮನೆಗಳಿಗೆ ಅದು ಜೀವನೋಪಾಯವಾಯಿತು. 1980ರಲ್ಲಿ ಅವಳು ತೀರಿಕೊಂಡಾಗ ಕಸುಬು ಮಕ್ಕಳು ಮೊಮ್ಮಕ್ಕಳ ಕೈಯಲ್ಲಿತ್ತು. ನಮ್ಮ ಬ್ರಹ್ಮಗಿರಿಯ ಚೂರುಗಳನ್ನೂ ತೊಳೆದು, ಅಂಕಿ ಬರೆದು, ವರದಿಯಲ್ಲಿ ಚಿತ್ರ ಹಾಕಿ ಇಟ್ಟರು. ಅವುಗಳಲ್ಲಿ ಒಂದನ್ನು ಹತ್ತಿರದ ಕುಂಬಾರಗೇರಿಗೆ ಒಯ್ದು ಇದೇ ಪ್ರಶ್ನೆ ಕೇಳಿದ್ದರೆ ಏನಾಗುತ್ತಿತ್ತೋ!

ನಮ್ಮ ದೇಶದಲ್ಲಿ ಇದು ಅಸಾಧ್ಯವೆಂದೇನೂ ಅಲ್ಲ. ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ನಿಜಾಮಾಬಾದಿನ ಕುಂಬಾರರು ಆವಿಗೆಯನ್ನು ಮುಚ್ಚಿ ಹೊಗೆಯಲ್ಲಿ ಕಪ್ಪಾಗಿಸಿದ ಮಡಕೆಗಳ ಮೇಲೆ ಬೆಳ್ಳಿಯಂತೆ ಹೊಳೆಯುವ ಬಳ್ಳಿಗಳನ್ನು ತುಂಬುತ್ತಾರೆ. 2015ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಣಿಪುರದ ಲೋಂಗ್ಪಿಯ ಕರಿಮಡಕೆ ಮಹಾನಗರಗಳ ಅಂಗಡಿಗಳಿಗೆ ಬಂದಿದೆ. ನಮ್ಮಲ್ಲಿ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ, 2018ರಿಂದ ಆಯೋಗವು ವಿದ್ಯುತ್ ತಿಗರಿಗಳನ್ನೂ ಹಂಚುತ್ತಿದೆ. ಒಳ್ಳೆಯದೇ. ಆದರೆ ತಿಗರಿ ತಿರುಗುವುದು ಅರ್ಧ ವಿದ್ಯೆ ಮಾತ್ರ. ಉಳಿದರ್ಧ ಬೆಂಕಿಯಲ್ಲಿದೆ, ಅದಕ್ಕೆ ಸ್ವಿಚ್ಚಿಲ್ಲ.

ಹುಡುಗನ ಪ್ರಶ್ನೆಗೆ ನಾನು ಬರೆದ ಉತ್ತರ ಇಷ್ಟೇ: "ಎರಡೂ ಒಂದೇ ವಿದ್ಯೆ. ಅವರು ಕೂದಲಿನಷ್ಟೇ ಜಾಗದಲ್ಲಿ ಮಾಡುವುದನ್ನು ನಿನ್ನ ಅಜ್ಜ ಒಂದು ಆವಿಗೆಯ ತುಂಬ ಮಾಡುತ್ತಿದ್ದರು. ಅವರದು ನೋಡುವುದಕ್ಕೆ, ನಿನ್ನ ಅಜ್ಜನದು ಉಣ್ಣುವುದಕ್ಕೆ." ಇದನ್ನು ಓದಿ ಅವನು ಘಟ್ಟದ ಕೆಳಗಿರುವ ತನ್ನ ಸೋದರತ್ತೆಯ ಫೋನ್ ಸಂಖ್ಯೆ ಕಳುಹಿಸಿದ. ಎಂಬತ್ತು ದಾಟಿದ ಆ ತಾಯಿ ಮದುವೆಗೆ ಮೊದಲು ತಂದೆಯ ಆವಿಗೆಗೆ ಹುಲ್ಲು ಹೊರುತ್ತಿದ್ದವರು. ತುಳು ಬೆರೆತ ಕನ್ನಡದಲ್ಲಿ ಅವರು ಹೇಳಿದ್ದನ್ನು ಬರೆದುಕೊಂಡಿದ್ದೇನೆ. ಉರಿ ಚೆನ್ನಾಗಿ ಹಿಡಿದು ಮಡಕೆಗಳು ಒಳಗೆ ಕೆಂಡದ ಬಣ್ಣಕ್ಕೆ ತಿರುಗಿದಾಗ ಹಸಿ ಸೊಪ್ಪು, ಒದ್ದೆ ಹುಲ್ಲು, ಭತ್ತದ ಹೊಟ್ಟು ಹಾಕಿ ಮೇಲಿನಿಂದ ಕೆಸರು ಮೆತ್ತುತ್ತಿದ್ದರಂತೆ. ಎಲ್ಲಿಂದ ಹೊಗೆ ಹೊರಡುತ್ತದೋ ಅಲ್ಲಿಗೆ ಓಡಿ ಇನ್ನೊಂದು ಹಿಡಿ ಕೆಸರು. ಒಂದು ಬಿರುಕು ಉಳಿದರೂ ಆ ಬದಿಯ ಮಡಕೆಗಳು ಕೆಂಪು ಮಚ್ಚೆಯಾಗಿ ಬೆಲೆ ಕಳೆದುಕೊಳ್ಳುತ್ತಿದ್ದವು. ಆ ಮಚ್ಚೆಯ ಮಡಕೆಗಳನ್ನು ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. "ಅವು ಚಂದ ಕಾಣುತ್ತಿದ್ದವು ಮಾಸ್ಟ್ರೇ, ಮೋಡದ ಹಾಗೆ. ಯಾರೂ ಕೊಳ್ಳುತ್ತಿರಲಿಲ್ಲ, ನಾವೇ ಮನೆಗೆ ಇಟ್ಟುಕೊಳ್ಳುತ್ತಿದ್ದೆವು" ಎಂದರು. ಅಂಥದೊಂದು ಅಟ್ಟದ ಮೇಲೆ ಹುಣಸೆಹಣ್ಣು ತುಂಬಿಕೊಂಡು ಈಗಲೂ ಇದೆಯಂತೆ. ಕಾಫಿ ಕೊಯ್ಲು ಮುಗಿದ ಮೇಲೆ ಹೋಗಿ ನೋಡಿಬರಬೇಕೆಂದಿದ್ದೇನೆ.